ಗೀತ-ಸಂಗೀತಕಾರ ಸಲಿಲ್ ಚೌಧುರಿ

ಹಾಡನ್ನು ತಾವೇ ಬರೆದು, ಅದಕ್ಕೆ ತಾವೇ ಸ್ವರ ಕೂಡಿಸಿ, ಚಿತ್ರಕ್ಕೆ ಕಥೆಯನ್ನೂ ಒದಗಿಸಬಲ್ಲ ಸಂಗೀತ ನಿರ್ದೇಶಕರು ನಮ್ಮ ದೇಶದಲ್ಲಿ ವಿರಳ. ಅಂಥ ವಿರಳರಲ್ಲಿ ಸಲಿಲ್ ಚೌಧುರಿಯವರು ಒಬ್ಬರು. ವಂಗದೇಶದ ಇಪ್ಪತ್ನಾಲ್ಕು ಪರಗಣ ಜಿಲ್ಲೆಯ ಹಳ್ಳಿಯೊಂದರಲ್ಲಿ ಜನಿಸಿದ ಅವರು ಬಾಲ್ಯವನ್ನು ಕಳೆದುದು ಅಸ್ಸಾಮಿನ ಚಹಾ ತೋಟಗಳಲ್ಲಿ. ಅಲ್ಲಿ ವೈದ್ಯರಾಗಿದ್ದ ತಂದೆಯವರು ತೋಟದ ಕೂಲಿಕಾರರನ್ನು ಕೂಡಿಸಿಕೊಂಡು ನಾಟಕಗಳನ್ನು ಆಡಿಸುತ್ತಿದ್ದರು. ಐರಿಷ್ ವೈದ್ಯರೊಬ್ಬರು ಸ್ವದೇಶಕ್ಕೆ ಮರಳುವಾಗ ಬಿಟ್ಟುಹೋದ ಗ್ರಾಮಫೋನು ಹಾಗೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ತಟ್ಟೆಗಳು ಆ ಮನೆಯಲ್ಲಿದ್ದವು. ಮನೆಯೊಳಗೆ ಮೊಜಾರ್ಟ್, ಬೀಥೋವನ್. ಹೊರಗೆ ದುಡಿಯುವವರ ಹಾಡು. ಬಾಲಕನ ಕಿವಿ ಎರಡಕ್ಕೂ ಸಮನಾಗಿ ತೆರೆದುಕೊಂಡಿತು.

ಕಲ್ಕತ್ತೆಯಲ್ಲಿ ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿಯೇ 1943ರ ಘೋರ ಕ್ಷಾಮ ಬಂಗಾಳವನ್ನು ಆವರಿಸಿತು. ಲಕ್ಷಾಂತರ ಜನರು ಅನ್ನವಿಲ್ಲದೆ ಮಡಿದರು. ಈ ದುರಂತವನ್ನು ಕಂಡ ತರುಣ ಸಲಿಲರು ಇಪ್ಟಾ ಎಂಬ ಜನನಾಟ್ಯ ಸಂಘವನ್ನು ಸೇರಿದರು. ಬೆಳೆಯ ಮೂರರಲ್ಲಿ ಎರಡು ಪಾಲು ಉಳುವವನಿಗೆ ಸಲ್ಲಬೇಕೆಂದು 1946ರಲ್ಲಿ ಆರಂಭವಾದ ತೇಭಾಗಾ ಚಳವಳಿಗೆ ಅವರ ಹಾಡುಗಳು ಬಲ ನೀಡಿದವು. ಕೆಲವು ಹಾಡುಗಳನ್ನು ಸರ್ಕಾರ ನಿಷೇಧಿಸಿತು. ಕವಿಯು ಕೆಲಕಾಲ ತಲೆಮರೆಸಿಕೊಂಡು ಅಲೆಯಬೇಕಾಯಿತು.

1949ರಲ್ಲಿ ಹೇಮಂತ ಮುಖರ್ಜಿಯವರ ಕಂಠದಲ್ಲಿ ಹೊರಬಂದ ‘ಗಾಂಯೇರ್ ಬೋಧು’ ಬಂಗಾಳಿ ಗೀತೆಗೆ ಹೊಸ ಹಾದಿ ತೋರಿತು. ಹಳ್ಳಿಯ ಸೊಸೆಯೊಬ್ಬಳ ಸುಖದ ಸಂಸಾರ ಕ್ಷಾಮಕ್ಕೆ ಸಿಕ್ಕಿ ನಾಶವಾದ ಕಥೆ ಅದು; ತಟ್ಟೆಯ ಎರಡೂ ಮಗ್ಗುಲುಗಳನ್ನು ತುಂಬಿಕೊಂಡ ದೀರ್ಘ ಗೀತೆ.

ರಿಕ್ಷಾ ಎಳೆಯುವವನನ್ನು ಕುರಿತು ಅವರು ಬರೆದ ಕಥೆಯೇ ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ ಚಿತ್ರಕ್ಕೆ ಆಧಾರವಾಯಿತು (1953). ಸಾಲ ತೀರಿಸಿ ನೆಲವನ್ನು ಉಳಿಸಿಕೊಳ್ಳಲು ನಗರಕ್ಕೆ ಬಂದು ದುಡಿದರೂ ರೈತನಿಗೆ ಕೊನೆಗೆ ಅದು ದಕ್ಕುವುದಿಲ್ಲ. ಕಾನ್ ಚಿತ್ರೋತ್ಸವದಲ್ಲಿ ಪುರಸ್ಕೃತವಾದ ಈ ಚಿತ್ರದ ಸಂಗೀತವೂ ಅವರದೇ. ಚಳವಳಿಯ ಕವಿ ಮುಂಬಯಿಯ ಚಿತ್ರಪೇಟೆಯಲ್ಲಿ ಕರಗಿಹೋದರೆಂದು ಆಕ್ಷೇಪಿಸುವವರು ಈ ಚಿತ್ರವನ್ನು ಮರೆಯಲಾಗದು. ಪೇಟೆಯ ಬೇಡಿಕೆಗೆ ಅವರು ಬಾಗಿದ್ದುಂಟು, ನಿಜ. ಆದರೆ ಕೀಳು ಅಭಿರುಚಿಗೆ ಇಳಿದವರಲ್ಲ.

1958ರ ‘ಮಧುಮತಿ’ ಒಂಬತ್ತು ಫಿಲಂಫೇರ್ ಪ್ರಶಸ್ತಿಗಳನ್ನು ಗಳಿಸಿತು. ಶ್ರೇಷ್ಠ ಸಂಗೀತದ ಪ್ರಶಸ್ತಿ ಸಲಿಲರಿಗೆ ಸಂದಿತು. 1961ರ ‘ಛಾಯಾ’ ಚಿತ್ರದ ಯುಗಳಗೀತೆಯೊಂದನ್ನು ಅವರು ಮೊಜಾರ್ಟನ 40ನೆಯ ಸಿಂಫನಿಯ ಎಳೆಯಿಂದ ಹೆಣೆದರು. ಇದನ್ನು ಬರಿಯ ಅನುಕರಣೆ ಎನ್ನುವುದು ಸಲ್ಲದು. ಪಲ್ಲವಿಯನ್ನು ದಾಟಿದ ಕೂಡಲೇ ಹಾಡು ತನ್ನದೇ ದಾರಿಯನ್ನು ಹಿಡಿಯುತ್ತದೆ.

ತಕಳಿಯವರ ಕಾದಂಬರಿಯನ್ನು ಆಧರಿಸಿದ ‘ಚೆಮ್ಮೀನ್’ (1965) ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದ ಪ್ರಥಮ ದಕ್ಷಿಣ ಭಾರತೀಯ ಚಿತ್ರ. ಕಡಲ ಬೆಸ್ತರ ಬದುಕಿಗೆ ಬಂಗಾಳಿಯೊಬ್ಬರು ಕಟ್ಟಿದ ರಾಗಗಳನ್ನು ಮಲೆಯಾಳಿಗಳು ತಮ್ಮವೆಂದೇ ಸ್ವೀಕರಿಸಿದರು. ಮುಂದೆ ಅನೇಕ ಮಲೆಯಾಳಂ ಚಿತ್ರಗಳು ಅವರನ್ನು ಅರಸಿಕೊಂಡು ಬಂದವು. ಕನ್ನಡಿಗರಿಗೂ ಅವರು ಅಪರಿಚಿತರಲ್ಲ: ಬಾಲು ಮಹೇಂದ್ರ ಅವರು ನಿರ್ದೇಶಿಸಿದ ಮೊದಲ ಚಿತ್ರ, 1977ರ ‘ಕೋಕಿಲ’ಕ್ಕೆ ಸಂಗೀತವನ್ನಿತ್ತವರು ಇವರೇ. ‘ಆನಂದ್’ (1971), ‘ರಜನೀಗಂಧಾ’ (1974) ಚಿತ್ರಗಳ ಹಾಡುಗಳನ್ನು ಬಲ್ಲದವರಾರು?

1988ರಲ್ಲಿ ಸಂಗೀತ ನಾಟಕ ಅಕಾಡೆಮಿಯು ಅವರನ್ನು ಪುರಸ್ಕರಿಸಿತು. ಇಂಥ ಕಲಾವಿದರಿಗೆ ಅದು ತಡವಾಗಿಯೇ ಸಂದ ಮನ್ನಣೆ. 1995ರ ಸೆಪ್ಟೆಂಬರ್ 5ರಂದು ಸಲಿಲ್ ಚೌಧುರಿಯವರು ಕಲ್ಕತ್ತೆಯಲ್ಲಿ ಕಾಲವಶರಾದರು.