ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿ ಬಂದ ಯಾತ್ರಿಕರು ಭಗವಾನ್ ಬಾಹುಬಲಿ ಸ್ವಾಮಿಯ ಮುಖ ಕಂಡ ಕೂಡಲೇ ಆಯಾಸ ಮರೆಯುತ್ತಾರೆ. ಸುಮಾರು 58 ಅಡಿ ಎತ್ತರದ ಈ ಏಕಶಿಲಾ ಮೂರ್ತಿಯನ್ನು ಮಾಡಿಸಿದವನು ರಾಜನಲ್ಲ, ಸನ್ಯಾಸಿಯೂ ಅಲ್ಲ. ಗಂಗರ ಮಂತ್ರಿ, ಸೇನಾಪತಿ ಚಾವುಂಡರಾಯ. ಕತ್ತಿ ಹಿಡಿದ ಕೈ ಇಂಥ ಶಾಂತಮೂರ್ತಿಯನ್ನು ಯಾಕೆ ಮಾಡಿಸಿತು ಅನ್ನೋದನ್ನು ತಿಳಿದು ದರ್ಶನ ಮಾಡಿದರೆ ಒಳ್ಳೆಯದು.

ಚಾವುಂಡರಾಯನು ಮಾರಸಿಂಹ ಮತ್ತು ರಾಚಮಲ್ಲ ಎಂಬ ಇಬ್ಬರು ಗಂಗ ಅರಸರ ಸೇವೆ ಮಾಡಿದವನು. ಗೆದ್ದ ಒಂದೊಂದು ಯುದ್ಧಕ್ಕೂ ಅವನಿಗೆ ಒಂದೊಂದು ಬಿರುದು ಬಂತು. ಅದರಲ್ಲಿ ಸಮರ ಪರಶುರಾಮ ಎಂಬ ಬಿರುದಿನ ಹಿಂದೆ ಮನೆಯ ದುಃಖವಿದೆ. ಅವನ ತಮ್ಮ ನಾಗವರ್ಮನನ್ನು ಮುದುರಾಚಯ್ಯ ಎಂಬವನು ಕೊಂದಿದ್ದನು. ಚಾವುಂಡರಾಯ ಅವನನ್ನು ಕೊಂದು ಸೇಡು ತೀರಿಸಿಕೊಂಡ. ಸೇಡು ತೀರಿತು, ಬಿರುದು ಸಿಕ್ಕಿತು, ಆದರೆ ತಮ್ಮ ಮಾತ್ರ ತಿರುಗಿ ಬರಲಿಲ್ಲ.

ಆ ಕಾಲವೂ ಅಂಥದ್ದೇ. ಕ್ರಿ.ಶ. 973ರಲ್ಲಿ ಗಂಗರಿಗೆ ಆಸರೆಯಾಗಿದ್ದ ರಾಷ್ಟ್ರಕೂಟ ಸಾಮ್ರಾಜ್ಯವೇ ಉರುಳಿತು. ಅದಾದ ಸ್ವಲ್ಪ ದಿನಕ್ಕೆ ಮಾರಸಿಂಹನು ರಾಜ್ಯ ಬಿಟ್ಟು, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ತ್ಯಜಿಸಿದನು. ಇದನ್ನೆಲ್ಲ ಕಣ್ಣಾರೆ ಕಂಡ ಚಾವುಂಡರಾಯ 978ರಲ್ಲಿ ಅರವತ್ತಮೂರು ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಬರೆದನು. ಅದೇ ಚಾವುಂಡರಾಯ ಪುರಾಣ.

ಪೌದನಪುರದ ಬಾಹುಬಲಿಯ ದರ್ಶನವಾಗದೆ ಹಾಲು ಮುಟ್ಟೋದಿಲ್ಲ ಅಂತ ತಾಯಿ ಕಾಳಲಾದೇವಿ ಹಟ ಹಿಡಿದಳೆಂದೂ, ಮಗ ಇಲ್ಲಿಯೇ ಮೂರ್ತಿ ಮಾಡಿಸಿದನೆಂದೂ ಪ್ರತೀತಿ. ತಾಯಿಯ ಆಸೆ ದೊಡ್ಡದೇ. ಆದರೆ ಬಾಹುಬಲಿಯ ಕಥೆ ಮಗನಿಗೂ ಬೇಕಾದದ್ದೇ ಆಗಿತ್ತು. ಬಾಹುಬಲಿ ಅಣ್ಣ ಭರತನನ್ನು ಮಲ್ಲಯುದ್ಧದಲ್ಲಿ ಮೇಲೆತ್ತಿ, ಇನ್ನೇನು ನೆಲಕ್ಕೆ ಅಪ್ಪಳಿಸಬೇಕು, ಅಷ್ಟರಲ್ಲಿ ವೈರಾಗ್ಯ ಬಂದು ಮೆಲ್ಲಗೆ ಕೆಳಗಿಳಿಸಿದನು. ಗೆದ್ದ ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ನಿಂತನು. ಚಾವುಂಡರಾಯನ ಕೈ ತಡೆಯದಿದ್ದದ್ದನ್ನು ಬಾಹುಬಲಿಯ ಕೈ ತಡೆದಿತ್ತು.

981ರಲ್ಲಿ ಪ್ರತಿಷ್ಠೆಯಾಯಿತೆಂದು ಹೇಳುತ್ತಾರೆ. ಮೂರ್ತಿ ನಿಂತ ಮೇಲೆ ಮನಸ್ಸಿಗೆ ಅಹಂಕಾರ ಬಂತು. ಕೊಡಗಟ್ಟಲೆ ಹಾಲು ಸುರಿದರೂ ಸ್ವಾಮಿಯ ಪಾದ ತೋಯಲಿಲ್ಲವಂತೆ. ಒಬ್ಬ ಬಡ ಅಜ್ಜಿ ಗುಳ್ಳಕಾಯಿಯಲ್ಲಿ ತಂದ ಒಂಚೂರು ಹಾಲು ಪಾದ ದಾಟಿ ಬೆಟ್ಟದ ಕೆಳಗೂ ಹರಿಯಿತೆಂದು ಸ್ಥಳಪುರಾಣ ಹೇಳುತ್ತದೆ. ಆ ಗುಳ್ಳಕಾಯಜ್ಜಿ ಇಂದಿಗೂ ಸ್ವಾಮಿಗೆ ಎದುರಾಗಿ ನಿಂತಿದ್ದಾಳೆ.

ಸ್ವಾಮಿಯ ಪಾದದ ಬಳಿ ಸಣ್ಣ ಶಾಸನಗಳಿವೆ. ಚಾವುಂಡರಾಯ ಮಾಡಿಸಿದನೆಂದು ಕನ್ನಡ, ತಮಿಳು, ಮರಾಠಿಯಲ್ಲಿ ಇದೆ. ಅಲ್ಲಿ ಸಮರ ಪರಶುರಾಮನೂ ಇಲ್ಲ, ಬೇರೆ ಬಿರುದೂ ಇಲ್ಲ. ಇಳಿಯುವಾಗ ತ್ಯಾಗದ ಬ್ರಹ್ಮದೇವರ ಕಂಬವನ್ನೂ ನೋಡಬೇಕು. ಅವನ ಯುದ್ಧಗಳನ್ನು ಹೊಗಳಿದ್ದ ಆ ಕಂಬದ ಬರಹವನ್ನು ಮುಂದೆ ಹೆಗ್ಗಡೆ ಕಣ್ಣ ಎಂಬವನು ಮೂರು ಮುಖದಲ್ಲಿ ಅಳಿಸಿ, ತನ್ನ ಹೆಸರಿನ ಎರಡೂವರೆ ಸಾಲು ಕೆತ್ತಿಸಿಕೊಂಡ. ಆ ಹೊಗಳಿಕೆಯ ಬಹುಪಾಲು ಅಳಿದು ಹೋಯಿತು. ಸ್ವಾಮಿಯ ಪಾದದಲ್ಲಿ ಬರೆಸಿದ ಬರೀ ಹೆಸರು ಸಾವಿರ ವರ್ಷದಿಂದ ಹಾಗೇ ಉಳಿದಿದೆ. ಮನಸ್ಸಿನಲ್ಲಿ ಯಾರ ಮೇಲಾದರೂ ಹಗೆ ಹೊತ್ತು ಬೆಟ್ಟ ಹತ್ತಿದವರು ಅದನ್ನು ಆ ಪಾದದಲ್ಲೇ ಇಳಿಸಿ ಹೋಗಲಿ.