ಆಕಾಶವಾಣಿಯ ಗೋಪಾಲಸ್ವಾಮಿ

ನಮ್ಮ ಪುರಾಣಗಳಲ್ಲಿ ಅಶರೀರವಾಣಿಯ ಪ್ರಸಂಗಗಳು ಹಲವು ಬರುತ್ತವೆ. ದೇವಕಿಯ ಮದುವೆಯ ಮೆರವಣಿಗೆಯಲ್ಲಿ ರಥವನ್ನು ನಡೆಸುತ್ತಿದ್ದ ಕಂಸನಿಗೆ, ಅವಳ ಎಂಟನೆಯ ಮಗುವಿನಿಂದಲೇ ತನ್ನ ಮರಣವೆಂದು ತಿಳಿಸಿದ್ದು ಅಂಥದೊಂದು ವಾಣಿ. ಮಾತನಾಡುವವರು ಕಣ್ಣಿಗೆ ಕಾಣರು; ಮಾತು ಮಾತ್ರ ಕಿವಿಗೆ ಬೀಳುತ್ತದೆ. ಕವಿಗಳ ಕಲ್ಪನೆಯಾಗಿದ್ದ ಈ ಅದ್ಭುತವು ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನದ ಸಾಧನೆಯಾಗಿ ಮನೆಮನೆಗೂ ಬಂದಿತು. ಭಾರತದ ಬಾನುಲಿ ಸಂಸ್ಥೆಯನ್ನು ಜನರು ಗುರುತಿಸುವುದು ಆಕಾಶವಾಣಿ ಎಂಬ ಹೆಸರಿನಿಂದ. ಆದರೆ ಆ ಹೆಸರು ಹೊತ್ತು ಕನ್ನಡ ನಾಡಿನಲ್ಲಿ ನುಡಿದ ನಿಲಯವು ಹುಟ್ಟಿದ್ದು ಸರ್ಕಾರದ ಕಚೇರಿಯಲ್ಲಲ್ಲ. ಮೈಸೂರಿನ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ. ಆ ಪ್ರಾಧ್ಯಾಪಕರೇ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು.

ಗೋಪಾಲಸ್ವಾಮಿಯವರು 1896ರಲ್ಲಿ ಜನಿಸಿದರು. ಉನ್ನತ ವ್ಯಾಸಂಗಕ್ಕಾಗಿ ಅವರು ಇಂಗ್ಲೆಂಡಿಗೆ ತೆರಳಿ, ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಪ್ರಸಿದ್ಧ ಮನಶ್ಶಾಸ್ತ್ರಜ್ಞರಾದ ಚಾರ್ಲ್ಸ್ ಸ್ಪಿಯರ್‌ಮನ್ನರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ಮನುಷ್ಯನ ಬುದ್ಧಿಶಕ್ತಿಯನ್ನು ಅಳೆಯಬಹುದೆ, ಅಳೆಯುವುದಾದರೆ ಹೇಗೆ ಎಂಬುದು ಸ್ಪಿಯರ್‌ಮನ್ನರು ಜೀವಮಾನವೆಲ್ಲ ಬೆನ್ನಟ್ಟಿದ ಪ್ರಶ್ನೆ. ಕೈಯಿಂದ ಮಾಡುವ ಕೆಲಸವೊಂದನ್ನು ಕಲಿಯುವುದಕ್ಕೂ ಬುದ್ಧಿಶಕ್ತಿಗೂ ಇರುವ ಸಂಬಂಧವನ್ನು ಶಿಷ್ಯರು ಪ್ರಯೋಗಗಳ ಮೂಲಕ ಪರಿಶೀಲಿಸಿದರು. ಕೈ ಮತ್ತು ಬುದ್ಧಿ ಎರಡೂ ಒಟ್ಟಾಗಿ ದುಡಿಯುವ ಬಗೆಯನ್ನು ಅಧ್ಯಯನ ಮಾಡಿದ ಈ ವಿದ್ವಾಂಸರು ಮುಂದೆ ತಂತಿ, ಸುರುಳಿ, ವಾಲ್ವುಗಳ ಲೋಕಕ್ಕೆ ಮನಸೋತದ್ದು ಆಶ್ಚರ್ಯವೇನೂ ಅಲ್ಲ.

ಆ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಇನ್ನೂ ಎಳೆಯದು. 1916ರಲ್ಲಿ ಸ್ಥಾಪಿತವಾದ ಈ ವಿದ್ಯಾಸಂಸ್ಥೆಗೆ 1920ರ ದಶಕದಲ್ಲಿ ಕುಲಪತಿಗಳಾಗಿದ್ದವರು ಮಹಾವಿದ್ವಾಂಸರಾದ ಬ್ರಜೇಂದ್ರನಾಥ ಸೀಲರು. ಅವರ ಅಧಿಕಾರಾವಧಿಯಲ್ಲಿ, 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಭಾರತದಲ್ಲಿ ಅದಕ್ಕೆ ಮೊದಲು ಇಂಥ ವಿಭಾಗವಿದ್ದುದು ಕಲ್ಕತ್ತೆಯಲ್ಲಿ. ಹೊಸ ವಿಭಾಗದ ಹೊಣೆ ಗೋಪಾಲಸ್ವಾಮಿಯವರ ಪಾಲಿಗೆ ಬಂದಿತು. ಮನಸ್ಸಿನ ವ್ಯಾಪಾರಗಳನ್ನು ಬರಿಯ ತರ್ಕದಿಂದ ಚರ್ಚಿಸುತ್ತಿದ್ದ ದಿನಗಳಲ್ಲಿ ಅವರು ಪ್ರಯೋಗಶಾಲೆಯನ್ನು ಕಟ್ಟಿ, ಅಳತೆಗೂ ಪರೀಕ್ಷೆಗೂ ಪ್ರಾಶಸ್ತ್ಯ ಕೊಟ್ಟು ಪಾಠ ಹೇಳಿದರು. ಇಷ್ಟೇ ಆಗಿದ್ದರೂ ಅವರ ಹೆಸರು ವಿದ್ವಾಂಸರ ನೆನಪಿನಲ್ಲಿ ಉಳಿಯುತ್ತಿತ್ತು. ಆದರೆ ನಾಡಿನ ಸಾಮಾನ್ಯ ಜನರ ಕಿವಿಗೆ ಅವರನ್ನು ಹತ್ತಿರ ತಂದದ್ದು ಅವರ ವೃತ್ತಿಯಲ್ಲ, ಹವ್ಯಾಸ.

ಆ ಹವ್ಯಾಸದ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. ತಂತಿಯ ನೆರವಿಲ್ಲದೆ ಸಂಕೇತಗಳನ್ನು ದೂರಕ್ಕೆ ಕಳುಹಿಸಬಹುದೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿಯ ಮಾರ್ಕೋನಿ, ನಮ್ಮವರೇ ಆದ ಜಗದೀಶಚಂದ್ರ ಬೋಸ್ ಮುಂತಾದವರು ತೋರಿಸಿಕೊಟ್ಟರು. ಈ ಸುದ್ದಿ ಹರಡಿದಂತೆ ಜಗತ್ತಿನ ಅನೇಕ ಊರುಗಳಲ್ಲಿ ಕುತೂಹಲಿಗಳು ಮನೆಯ ಮೂಲೆಯಲ್ಲಿಯೇ ಯಂತ್ರಗಳನ್ನು ಜೋಡಿಸತೊಡಗಿದರು. ಹಣದ ಆಸೆಯಿಲ್ಲದೆ, ಕಲಿಯುವ ಸಂತೋಷಕ್ಕಾಗಿ ರೇಡಿಯೊ ನಡೆಸುವ ಇವರಿಗೆ ಹವ್ಯಾಸಿಗಳೆಂದು ಹೆಸರು. ಆಡುಮಾತಿನಲ್ಲಿ ಇವರನ್ನು ಹ್ಯಾಮ್‌ಗಳೆಂದು ಕರೆಯುವುದುಂಟು. ಒಬ್ಬ ಹವ್ಯಾಸಿ ಮತ್ತೊಬ್ಬ ಹವ್ಯಾಸಿಯನ್ನು ಕರೆದು ಮಾತನಾಡುವುದು ಒಂದು ಬಗೆ. ಒಂದೆಡೆಯಿಂದ ಅನೇಕರಿಗೆ ಸಂಗೀತ, ಭಾಷಣಗಳನ್ನು ಕೇಳಿಸುವುದು ಇನ್ನೊಂದು ಬಗೆ. ಮೊದಲನೆಯದು ಹವ್ಯಾಸಿಗಳ ಮಾತುಕತೆಯಾಗಿಯೇ ಉಳಿಯಿತು. ಎರಡನೆಯದು ಬೆಳೆದು ಬಾನುಲಿ ಪ್ರಸಾರವಾಯಿತು. ಆರಂಭದಲ್ಲಿ ಎರಡೂ ಒಂದೇ ಕೊಟ್ಟಿಗೆಯ ಕರುಗಳು.

ಭಾರತದಲ್ಲಿಯೂ ಹೀಗೆಯೇ ಆಯಿತು. 1924ರಲ್ಲಿ ಮದರಾಸಿನ ಉತ್ಸಾಹಿಗಳು ರೇಡಿಯೊ ಸಂಘವೊಂದನ್ನು ಕಟ್ಟಿಕೊಂಡು ಪ್ರಸಾರ ಆರಂಭಿಸಿದರು. ಹಣದ ಅಭಾವದಿಂದ ಅದು 1927ರಲ್ಲಿ ನಿಂತುಹೋಯಿತು. ಅದೇ ವರ್ಷ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಖಾಸಗಿ ಕಂಪನಿಯೊಂದು ನಿಲಯಗಳನ್ನು ತೆರೆಯಿತು. ಮೂರು ವರ್ಷಗಳೊಳಗೆ ಅದೂ ದಿವಾಳಿಯಾಗಿ, ಆ ನಿಲಯಗಳನ್ನು ಸರ್ಕಾರವೇ ವಹಿಸಿಕೊಳ್ಳಬೇಕಾಯಿತು. ಸಂಘವೊಂದು ಸೋತ, ಕಂಪನಿಯೊಂದು ಮುಳುಗಿದ ಈ ಕೆಲಸಕ್ಕೆ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಏಕಾಂಗಿಯಾಗಿ ಕೈಹಾಕಿದರೆಂಬುದನ್ನು ನೆನೆದಾಗ ಗೋಪಾಲಸ್ವಾಮಿಯವರ ಧೈರ್ಯದ ಅಳತೆ ತಿಳಿಯುತ್ತದೆ.

ಮೈಸೂರಿನಲ್ಲಿ ಅವರ ಮನೆಯ ಹೆಸರು ವಿಠ್ಠಲ ವಿಹಾರ. ಯಾದವಗಿರಿಯಲ್ಲಿ ಈಗಿರುವ ಆಕಾಶವಾಣಿಯ ಕಟ್ಟಡದಿಂದ ಅದು ಸುಮಾರು 200 ಗಜಗಳ ದೂರದಲ್ಲಿದ್ದಿತು. ಆ ಮನೆಯಲ್ಲಿ 30 ವ್ಯಾಟ್ ಶಕ್ತಿಯ ಪ್ರಸಾರಯಂತ್ರವೊಂದನ್ನು ಅವರು ಅಣಿಗೊಳಿಸಿದರು. ಮನೆಯಲ್ಲಿ ಉರಿಸುವ 60 ವ್ಯಾಟ್ ವಿದ್ಯುದ್ದೀಪಕ್ಕೆ ಬೇಕಾಗುವ ಶಕ್ತಿಯಲ್ಲಿ ಇದು ಅರ್ಧ ಮಾತ್ರ. ಇಷ್ಟು ಅಲ್ಪ ಶಕ್ತಿಯಿಂದ ದನಿಯು ದೂರ ಸಾಗುವುದು ಹೇಗೆ? ಮಾತನಾಡಿದಾಗ ಗಾಳಿಯಲ್ಲಿ ಉಂಟಾಗುವ ಕಂಪನವನ್ನು ಮೈಕು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಗಾಜಿನ ಬುರುಡೆಯಂತಿರುವ ವಾಲ್ವುಗಳು ಅತಿ ವೇಗದ ಅಲೆಯೊಂದನ್ನು ಹುಟ್ಟಿಸಿ, ಈ ಏರಿಳಿತವನ್ನು ಅದರ ಮೇಲೆ ಹೊರಿಸುತ್ತವೆ. ಎತ್ತರದಲ್ಲಿ ಕಟ್ಟಿದ ಏರಿಯಲ್ಲಿನ ತಂತಿಯು ಆ ಅಲೆಯನ್ನು ಬಯಲಿಗೆ ಬಿಡುತ್ತದೆ. ಕೇಳುವವರ ಮನೆಯ ರೇಡಿಯೊ ಪೆಟ್ಟಿಗೆಯು ಅಲೆಯನ್ನು ಹಿಡಿದು, ಹೊರೆಯನ್ನು ಇಳಿಸಿಕೊಂಡು, ಮತ್ತೆ ದನಿಯನ್ನಾಗಿ ಮಾಡುತ್ತದೆ. ವಾಯವ್ಯದ ಯಾದವಗಿರಿಯಿಂದ ದಕ್ಷಿಣದ ಅಶೋಕಪುರಂವರೆಗೆ ಹಬ್ಬಿದ ಊರಿಗೆ ಕೇಳಿಸಲು ಪುಟ್ಟ ಯಂತ್ರವೂ ಸಾಕಾಗುತ್ತಿತ್ತು. ಆದರೆ ಆ ದನಿಯನ್ನು ಕೇಳಬೇಕಾದರೆ ಮನೆಯಲ್ಲಿ ರೇಡಿಯೊ ಇರಬೇಕು. ಅಂದು ಅದು ಉಳ್ಳವರ ಸೊತ್ತು.

1935ರ ಸೆಪ್ಟೆಂಬರ್ 10ರಂದು ವಿಠ್ಠಲ ವಿಹಾರದಿಂದ ಮೊದಲ ಪ್ರಸಾರ ನಡೆಯಿತು. ಅಂದು ಮೈಕಿನ ಮುಂದೆ ಕವಿತೆಯನ್ನು ವಾಚಿಸಿದವರು ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಕುವೆಂಪು ಅವರು. ವಿಜ್ಞಾನದ ಹೊಸ ಸಾಧನವು ಕನ್ನಡದ ಕಾವ್ಯದೊಡನೆ ಕಣ್ತೆರೆದದ್ದು ನಾಡಿನ ಪುಣ್ಯವೆನ್ನಬೇಕು. ದಿಲ್ಲಿಯ ನಿಲಯವು ಆರಂಭವಾದದ್ದು 1936ರ ಜನವರಿಯಲ್ಲಿ. ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂದದ್ದು ಅದೇ ವರ್ಷದ ಜೂನ್ ತಿಂಗಳಿನಲ್ಲಿ. ಇವೆರಡಕ್ಕೂ ಮೊದಲೇ ಮೈಸೂರಿನ ಮನೆಯೊಂದು ಮಾತನಾಡಿತ್ತು.

ಈ ನಿಲಯಕ್ಕೆ ಆಕಾಶವಾಣಿ ಎಂಬ ಹೆಸರು ಬಂದಿತು. ಹೆಸರನ್ನು ಸೂಚಿಸಿದವರು ಹಾಸ್ಯಸಾಹಿತಿಗಳಾದ ನಾ. ಕಸ್ತೂರಿಯವರೆಂದು ಹೇಳುತ್ತಾರೆ. ಕೇರಳದಲ್ಲಿ ಹುಟ್ಟಿ, ಮೈಸೂರಿಗೆ ಬಂದು, ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಬರೆದ ಕಸ್ತೂರಿಯವರು ನಿಲಯದ ಕೆಲಸದಲ್ಲಿಯೂ ನೆರವಾದವರು. ಪುರಾಣದ ಮಾತೊಂದು ಯಂತ್ರಕ್ಕೆ ಇಷ್ಟು ಚೆನ್ನಾಗಿ ಹೊಂದಿಕೊಂಡ ಉದಾಹರಣೆ ವಿರಳ. ವಿದೇಶದ ಶಬ್ದವನ್ನು ಎರವಲು ತರದೆ, ಅರ್ಥವಾಗದ ಹೊಸ ಪದವನ್ನು ಟಂಕಿಸದೆ, ಹರಿಕಥೆ ಕೇಳಿದ ಅಜ್ಜಿಗೂ ತಿಳಿಯುವ ಹೆಸರನ್ನು ಅವರು ಆರಿಸಿದರು.

ನಿಲಯವನ್ನು ಆರಂಭಿಸುವುದಕ್ಕಿಂತ ನಡೆಸುವುದು ಕಷ್ಟ. ಅಂದು ಧ್ವನಿಯನ್ನು ಹಿಡಿದಿಡುವ ಟೇಪುಗಳಿರಲಿಲ್ಲ. ಗ್ರಾಮಫೋನ್ ತಟ್ಟೆಗಳನ್ನು ಬಿಟ್ಟರೆ, ಹಾಡುವವರು, ಮಾತನಾಡುವವರು ನಿಗದಿಯಾದ ವೇಳೆಗೆ ಸ್ವತಃ ಬಂದು ಮೈಕಿನ ಮುಂದೆ ಕೂರಬೇಕು. ತಪ್ಪಿದರೆ ತಿದ್ದುವ ಅವಕಾಶವಿಲ್ಲ. ವಾಲ್ವು ಸುಟ್ಟರೆ ಬೇರೊಂದನ್ನು ತರಿಸಬೇಕು. ಕಾಲೇಜಿನ ಪಾಠ, ಪ್ರಯೋಗಶಾಲೆಯ ಕೆಲಸಗಳ ನಡುವೆ ಪ್ರಾಧ್ಯಾಪಕರು ಈ ಭಾರವನ್ನೂ ಹೊತ್ತರು. ಮೊದಮೊದಲು ಖರ್ಚು ಅವರದೇ. ಕೇಳುವವರಿಂದ ಬೆಲೆ ಪಡೆಯುವ ವ್ಯಾಪಾರ ಅದಾಗಿರಲಿಲ್ಲ. ಹವ್ಯಾಸವು ಒಬ್ಬನ ಸಂತೋಷವಾಗಿದ್ದಾಗ ಅದನ್ನು ಬೇಕೆಂದಾಗ ನಿಲ್ಲಿಸಬಹುದು. ಊರೇ ಕಿವಿಗೊಟ್ಟು ಕಾಯತೊಡಗಿದ ಮೇಲೆ ಅದು ಹೊಣೆಯಾಗುತ್ತದೆ. ಗೋಪಾಲಸ್ವಾಮಿಯವರು ಆ ಹೊಣೆಯಿಂದ ಹಿಂಜರಿಯಲಿಲ್ಲ. ಮುಂದೆ 250 ವ್ಯಾಟ್ ಶಕ್ತಿಯ ಯಂತ್ರವನ್ನು ತರಿಸಲಾಯಿತು. ಮೈಸೂರಿನ ಪುರಸಭೆಯೂ ನೆರವಿಗೆ ಬಂದಿತು.

1939ರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಯಿತು. ಗುಪ್ತ ಸಮಾಚಾರಗಳು ಶತ್ರುಗಳಿಗೆ ತಲುಪಬಾರದೆಂದು ಬ್ರಿಟಿಷ್ ಸರ್ಕಾರವು ಭಾರತದ ಹವ್ಯಾಸಿಗಳ ಪರವಾನಗಿಗಳನ್ನು ರದ್ದುಪಡಿಸಿ, ಅವರ ಯಂತ್ರಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿತು. ಅನೇಕರ ವರ್ಷಗಳ ದುಡಿಮೆ ಒಂದೇ ದಿನದಲ್ಲಿ ಕೈಬಿಟ್ಟಿತು. ಅಷ್ಟರಲ್ಲಿ ಮೈಸೂರಿನ ನಿಲಯವು ಒಬ್ಬರ ಹವ್ಯಾಸವಾಗಿರದೆ ಜನರ ನಿಲಯವಾಗಿ ಬೆಳೆದಿದ್ದುದರಿಂದ ಉಳಿದುಕೊಂಡಿತು. 1942ರ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಅದನ್ನು ವಹಿಸಿಕೊಂಡಿತು. ತಾವು ಹೆತ್ತು ಸಾಕಿದ ಕೂಸನ್ನು ಗೋಪಾಲಸ್ವಾಮಿಯವರು ನಾಡಿನ ಕೈಗೆ ಒಪ್ಪಿಸಿದರು.

ಸ್ವಾತಂತ್ರ್ಯಾನಂತರ, 1950ರ ಏಪ್ರಿಲ್ 1ರಂದು, ನಿಲಯವು ಆಲ್ ಇಂಡಿಯಾ ರೇಡಿಯೊ ಸಂಸ್ಥೆಯಲ್ಲಿ ವಿಲೀನವಾಯಿತು. 1955ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊಸ ನಿಲಯವು ತಲೆಯೆತ್ತಿತು. ಮೈಸೂರಿನ ನಿಲಯವನ್ನು ಅಲ್ಲಿಗೆ ವರ್ಗಾಯಿಸಲಾಯಿತು. ಇಪ್ಪತ್ತು ವರ್ಷಗಳ ಕಾಲ ತನ್ನ ದನಿಯನ್ನು ತಾನೇ ಹೊರಡಿಸಿದ ಊರು ಮೌನವಾಯಿತು. ಎರಡು ವರ್ಷಗಳ ಬಳಿಕ, 1957ರಲ್ಲಿ, ಗೋಪಾಲಸ್ವಾಮಿಯವರು ಕಾಲವಾದರು. ತಾವು ಹಚ್ಚಿದ ದೀಪವು ತಮ್ಮ ಊರಿನಲ್ಲಿ ಆರಿದುದನ್ನು ಅವರು ಕಾಣಬೇಕಾಯಿತು. ಆದರೆ ವಿಧಿಯ ವೈಚಿತ್ರ್ಯವೆಂದರೆ, ಅದೇ 1950ರ ದಶಕದ ಉತ್ತರಾರ್ಧದಲ್ಲಿ ಭಾರತ ಸರ್ಕಾರವು ತನ್ನ ಬಾನುಲಿ ಸಂಸ್ಥೆಗೆ ಆಕಾಶವಾಣಿ ಎಂಬ ಹೆಸರನ್ನು ಸ್ವೀಕರಿಸಿತು. ನಿಲಯವು ಊರನ್ನು ಬಿಟ್ಟಿತು. ಹೆಸರು ದೇಶವನ್ನೇ ತುಂಬಿತು. 1974ರ ನವೆಂಬರ್ 14ರಂದು ಮೈಸೂರಿನಲ್ಲಿ ಮತ್ತೆ ಆಕಾಶವಾಣಿ ನಿಲಯವು ಆರಂಭವಾಯಿತು. 2023ರಲ್ಲಿ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಆಕಾಶವಾಣಿ ಎಂಬುದನ್ನೇ ಎಲ್ಲೆಡೆ ಬಳಸಬೇಕೆಂದು ಸಂಸ್ಥೆಯು ನಿರ್ಧರಿಸಿತು.

ಹವ್ಯಾಸಿ ರೇಡಿಯೊ ಇಂದಿಗೂ ಅಳಿದಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದ ಹವ್ಯಾಸಿಗಳು ನಮ್ಮ ನಾಡಿನ ಅನೇಕ ಊರುಗಳಲ್ಲಿದ್ದಾರೆ. 2004ರ ಡಿಸೆಂಬರಿನಲ್ಲಿ ಸುನಾಮಿಯ ಅಲೆಗಳು ಅಂಡಮಾನ್ ದ್ವೀಪಗಳ ದೂರವಾಣಿ ಸಂಪರ್ಕವನ್ನು ಕಡಿದಾಗ, ಅಲ್ಲಿದ್ದ ಹವ್ಯಾಸಿಗಳು ತಮ್ಮ ಯಂತ್ರಗಳಿಂದ ಸುದ್ದಿ ಕಳುಹಿಸಿ ನೊಂದವರಿಗೆ ನೆರವಾದರು. 2005ರ ಮೇ 5ರಂದು ಭಾರತದ ಬಾಹ್ಯಾಕಾಶ ಸಂಸ್ಥೆಯು ಹವ್ಯಾಸಿಗಳ ಬಳಕೆಗಾಗಿಯೇ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಬಿಡುವಿನ ವೇಳೆಯ ಕುತೂಹಲವು ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಗೋಪಾಲಸ್ವಾಮಿಯವರ ಬಾಳು ನಿದರ್ಶನವಾಗಿದೆ. ಅವರು ವೃತ್ತಿಯಿಂದ ಎಂಜಿನಿಯರರಲ್ಲ. ಸಿರಿವಂತ ವ್ಯಾಪಾರಿಯೂ ಅಲ್ಲ. ಕಲಿಯುವ ಹಂಬಲ, ಕಲಿತದ್ದನ್ನು ಹತ್ತು ಮಂದಿಗೆ ಹಂಚುವ ಮನಸ್ಸು, ಹಂಚಿದ್ದನ್ನು ತನ್ನದೆಂದು ಹಿಡಿದಿಟ್ಟುಕೊಳ್ಳದ ಔದಾರ್ಯ, ಇವು ಅವರ ಬಂಡವಾಳ. ಮೂವತ್ತು ವ್ಯಾಟ್ ಯಂತ್ರದ ದನಿ ಅಂದೇ ಗಾಳಿಯಲ್ಲಿ ಕರಗಿತು. ಆ ದನಿಗೆ ಇಟ್ಟ ಹೆಸರು ಮಾತ್ರ ಪ್ರತಿದಿನ ಮುಂಜಾನೆ ನಾಡಿನ ಸಾವಿರಾರು ಮನೆಗಳಲ್ಲಿ ಮೊಳಗುತ್ತಿದೆ.