ಬಾಸ್ ಗಿಟಾರಿಗೆ ಅಳತೆ ಕೊಟ್ಟ ಲಿಯೋ ಫೆಂಡರ್

ರಾಜ್ಯೋತ್ಸವದ ರಸಮಂಜರಿಯಲ್ಲಿ ಗಾಯಕರ ಹಿಂದೆ ನಿಂತು ಉದ್ದ ಕತ್ತಿನ, ನಾಲ್ಕು ತಂತಿಯ ಗಿಟಾರ್ ನುಡಿಸುವವರನ್ನು ನಾವೆಲ್ಲ ನೋಡಿದ್ದೇವೆ. ಆ ಬಾಸ್ ಗಿಟಾರಿಗೆ ಇಂದಿನ ರೂಪ ಕೊಟ್ಟವರು ಅಮೆರಿಕದ ಲಿಯೋ ಫೆಂಡರ್. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ!

1909ರ ಆಗಸ್ಟ್ 10ರಂದು ಕ್ಯಾಲಿಫೋರ್ನಿಯಾದ ಕಿತ್ತಳೆ ಬೆಳೆಗಾರರ ಕುಟುಂಬದಲ್ಲಿ ಅವರ ಜನನ. ಬಾಲ್ಯದಲ್ಲೇ ಒಂದು ಕಣ್ಣು ಹೋಯಿತು. ಮೊದಲು ಲೆಕ್ಕ ಬರೆಯುವ ಕೆಲಸ. ಅದು ತಪ್ಪಿದ ಮೇಲೆ 1938ರಲ್ಲಿ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ. ಆಂಪ್ಲಿಫೈಯರ್ ರಿಪೇರಿಗೆ ಬರುತ್ತಿದ್ದ ವಾದ್ಯಗಾರರ ಕಷ್ಟಸುಖ ಅಲ್ಲಿ ಅವರ ಕಿವಿಗೆ ಬಿತ್ತು.

ಆಗ ಮಂದ್ರ ಸ್ವರಕ್ಕೆ ಇದ್ದದ್ದು ಆಳೆತ್ತರದ ಡಬಲ್ ಬಾಸ್. ಹೊತ್ತು ಸಾಗಿಸುವುದು ಕಷ್ಟ, ಸದ್ದು ಕಡಿಮೆ, ಸ್ವರಸ್ಥಾನ ಕಿವಿಯಿಂದಲೇ ಹುಡುಕಬೇಕು. ಅದರ ತಂತಿಯ ಮಿಡಿಯುವ ಭಾಗ ಸುಮಾರು 42 ಇಂಚು. ಫೆಂಡರ್ ಗಿಟಾರಿನದು ಇಪ್ಪತ್ತೈದೂವರೆ. ಈ ಉದ್ದಕ್ಕೇ ಸ್ಕೇಲ್ ಎನ್ನುತ್ತಾರೆ. ತೀರ ಗಿಡ್ಡವಾದರೆ ದಪ್ಪ ತಂತಿ ಸಡಿಲಗೊಂಡು ನಾದ ಮಸುಕಾಗುತ್ತದೆ. ಉದ್ದವಾದರೆ ಬೆರಳು ಎಟುಕದು. ಹಲವು ಅಳತೆ ಪರೀಕ್ಷಿಸಿ ಫೆಂಡರ್ 34 ಇಂಚಿಗೆ ನಿಂತರು. 1951ರಲ್ಲಿ ಪ್ರಿಸಿಷನ್ ಬಾಸ್ ಹೊರಬಂತು. ಫ್ರೆಟ್‌ಗಳಿದ್ದುದರಿಂದ ಸ್ವರ ಕರಾರುವಾಕ್ಕು, ಹೆಸರೂ ಅದರಿಂದಲೇ.

ಸ್ಕೇಲ್ ಬೆಳೆದಾಗ ಕತ್ತೂ ಬೆಳೆಯಿತು. ತಂತಿಗಳ ಎಳೆತಕ್ಕೆ ಅದು ಬಾಗದಂತೆ ಒಳಗೆ ಉಕ್ಕಿನ ಸರಳು ಇಟ್ಟರು. ತುದಿಯಲ್ಲಿ ನಾಲ್ಕು ದೊಡ್ಡ ಬಿರಡೆಗಳ ಭಾರ ಬೇರೆ. ಕೈಬಿಟ್ಟರೆ ಕತ್ತು ನೆಲದತ್ತ ವಾಲುತ್ತದೆ. ಅದಕ್ಕೇ ಒಡಲಿನ ಮೇಲ್ಭಾಗವನ್ನು ಕೊಂಬಿನಂತೆ ಮುಂದಕ್ಕೆ ಚಾಚಿ, ಹೆಗಲಪಟ್ಟಿಯ ಗುಂಡಿಯನ್ನು ಅದರ ತುದಿಗೆ ಕೂರಿಸಿದರು. ನಾವು ಅಂದಕ್ಕೆಂದುಕೊಳ್ಳುವ ಆ ಕೊಂಬು ತೂಕ ಸರಿದೂಗಿಸಲು ಬಂದದ್ದು.

ಅನಾರೋಗ್ಯದಿಂದ 1965ರಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ ಮಾರಿದರು. ಮರುವರ್ಷ ಫೆಂಡರ್ ಹೆಸರಿನಲ್ಲೇ 30 ಇಂಚಿನ ಮಸ್ಟಾಂಗ್ ಬಾಸ್ ಬಂತು. ಚೇತರಿಸಿಕೊಂಡ ಲಿಯೋ ಮ್ಯೂಸಿಕ್ ಮ್ಯಾನ್, ಜಿ ಅಂಡ್ ಎಲ್ ಕಂಪನಿಗಳಲ್ಲಿ ವಾದ್ಯ ತಿದ್ದುತ್ತಲೇ ಇದ್ದರು. 1991ರ ಮಾರ್ಚ್ 21ರಂದು ತೀರಿಕೊಂಡರು.

ಮಕ್ಕಳಿಗೆ ಬಾಸ್ ಕೊಡಿಸುವವರು ಬಣ್ಣ ನೋಡುವ ಮೊದಲು ಸ್ಕೇಲ್ ಕೇಳಿ. ಎಳೆಯ ಕೈಗೆ 30 ಇಂಚು ಹಗುರ. ಪಟ್ಟಿ ಹಾಕಿಸಿ, ಕೈಬಿಟ್ಟು ನಿಲ್ಲಿಸಿ ನೋಡಿ. ಕತ್ತು ವಾಲದಿದ್ದರೆ ವಾದ್ಯ ಹದವಾಗಿದೆ ಎಂದರ್ಥ.